ಕಪ್ಪು ನಾಲಗೆಯ ಬೂದು ಮರಿಗಳು

ತಾಯಿಯ ಹೊಟ್ಟೆಯಲ್ಲಿರುವ ಕುರಿಮರಿ ಕಪ್ಪೋ ಬೂದೋ ಎಂಬುದನ್ನು ನಾನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಮೂರು ಮರಳುದಿಬ್ಬಗಳ ಆಚೆ ನಿಂತು, ಗಾಳಿ ಮೂಸಿಯೇ ಹೇಳಬಲ್ಲೆ. ಹುಟ್ಟಿದ ಮೇಲೆ ಅದು ಬದುಕುತ್ತದೋ ಇಲ್ಲವೋ ಎಂಬುದನ್ನಂತೂ ಅದರ ಅಜ್ಜ ಕೆಮ್ಮಿದ ಬಗೆಯಿಂದಲೇ ಹೇಳಿಬಿಡುತ್ತೇನೆ. ಕಿಜಿಲ್‌ಕುಮ್ ಮರುಭೂಮಿಯ ಅಂಚಿನಲ್ಲಿರುವ ನಮ್ಮ ಕರಾಕುಲ್ ಕುರಿ ತಳಿ ಕೇಂದ್ರದಲ್ಲಿ ಆನುವಂಶಿಕತೆಯ ಮರ್ಮ ಬಲ್ಲವರು ಇಬ್ಬರೇ. ಒಬ್ಬ ನಾನು, ಶೋದ್ಮೋನ್ ಎರ್ನಾಜರೋವ್. ಇನ್ನೊಬ್ಬರು, ಈ ವಸಂತದಲ್ಲಿ ನಿವೃತ್ತರಾಗುತ್ತಿರುವ, ನಾವೆಲ್ಲ ‘ಓಪಾ’, ಅಂದರೆ ಅಕ್ಕ, ಎಂದು ಗೌರವದಿಂದ ಕರೆಯುವ ಸನೋಬರ್ ಓಪಾ ಅವರು. ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಗ್ರಂಥ ನಿಜಕ್ಕೂ ನನ್ನ ಮೇಲೆ ಬರಬೇಕಿತ್ತು. ಸಂಪಾದಕರು ವಯಸ್ಸಿಗೆ ಮರ್ಯಾದೆ ಕೊಟ್ಟಿದ್ದಾರೆ, ಇರಲಿ. ಅವರು ಬೆಳೆಸಿದ ಬೂದು ಮಂದೆಯ ಹೊಣೆಯಾದರೂ ಇನ್ನು ನನಗೇ ಬರುವುದು ಖಚಿತ.

ನಾವಿಬ್ಬರೂ ಒಂದೇ ವಸಂತದಲ್ಲಿ, ಒಂದೇ ಲಾರಿಯಲ್ಲಿ, ಹುಲ್ಲಿನ ಪಿಂಡಿಗಳ ಮೇಲೆ ಕೂತು ಇಲ್ಲಿಗೆ ಬಂದೆವು. ಆ ಕಾಲದಲ್ಲಿ ಬೂದು ತುಪ್ಪಳದ ಗುಂಗುರು ಚರ್ಮಕ್ಕೆ ಇನ್ನಿಲ್ಲದ ಬೇಡಿಕೆಯಿದ್ದುದರಿಂದ, ಬೂದು ಟಗರನ್ನು ಬೂದು ಕುರಿಗೇ ಬಿಡುವುದು ಕುರುಬರಿಗೆ ಸೂರ್ಯೋದಯದಷ್ಟೇ ನಿಸ್ಸಂದೇಹವಾದ ಪದ್ಧತಿಯಾಗಿತ್ತು. ಬಂದ ವರ್ಷವೇ ಓಪಾ ತಮ್ಮ ಬೂದು ಟಗರುಗಳನ್ನು ಕಪ್ಪು ಕುರಿಗಳ ದೊಡ್ಡಿಗೆ ಹೊಡೆದಾಗ, ಹಿರಿಯ ಕುರುಬ ಬೆಕ್ಮುರಾತ್ ಅಜ್ಜ ಕೋಲೂರಿಕೊಂಡು ಬಂದು ನಿಂತ.

“ಏನ್ ಮಗಳೇ, ಗೋಧಿ ಬೇಕು ಅಂತ ಬಾರ್ಲಿ ಬಿತ್ತೋರುಂಟಾ?”

“ಅಜ್ಜಾ, ಮರಿ ಅಪ್ಪನಿಂದ ಒಂದು ಕಾಳು ತಗೊಳ್ಳುತ್ತೆ, ಅಮ್ಮನಿಂದ ಒಂದು. ಬೂದು ಕಾಳು ಒಂದಿದ್ರೆ ಸಾಕು, ಮೈಯೆಲ್ಲ ಬೂದು. ಎರಡೂ ಬೂದೇ ಬಿದ್ರೆ ಮಾತ್ರ ಹುಲ್ಲು ಮೇಯೋ ಹೊತ್ತಿಗೆ ಹೊಟ್ಟೆ ಉಬ್ಬಿ ಸಾಯುತ್ತೆ.”

“ಕರಿ ಕುರಿಗೆ ಬಿಟ್ರೆ?”

“ಅರ್ಧ ಬೂದು, ಅರ್ಧ ಕಪ್ಪು. ಆ ಕಾಯಿಲೆಯಿಂದ ಸಾಯೋದು ಒಂದೂ ಇಲ್ಲ.”

“ಅರ್ಧ ಕಳ್ಕೊಂಡು ಲಾಭ ಅಂತೀಯಲ್ಲ! ಈ ಲೆಕ್ಕ ಯಾರು ಕಲಿಸಿದ್ದು, ತೋಳಾನಾ?”

ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಸಮರ್‌ಕಂದಿನ ಗುಮ್ಮಟಗಳು ನಡುಗಿದವು. ಓಪಾ ಅವರ ಮಾತು ಸಾಬೀತಾಗಬೇಕಾದರೆ ಹೋಲಿಕೆಗೊಂದು ಮಂದೆ ಬೇಕಷ್ಟೆ. ಆ ತ್ಯಾಗಕ್ಕೆಂದೇ ನಾನು ನನ್ನ ದೊಡ್ಡಿಯಲ್ಲಿ ಬೂದಿಗೆ ಬೂದನ್ನು ಬಿಟ್ಟೆ. ಮರಿ ಹಾಕುವ ಕಾಲ ಬಂತು. ನನ್ನಲ್ಲಿ ನಾಲ್ಕರಲ್ಲಿ ಮೂರು ಮರಿ ಬೂದು! ದೊಡ್ಡಿಯೆಂದರೆ ನೆಲಕ್ಕಿಳಿದ ಬೆಳದಿಂಗಳು. ಕುರುಬರು ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಓಪಾ ಮಾತ್ರ ಮೆಲ್ಲನೆ ಬಂದು, ಒಂದೊಂದೇ ಮರಿಯ ತಲೆ ವಾಲಿಸಿ, ಕಿರುಬೆರಳಿನಿಂದ ಬಾಯಿ ತೆರೆದು ನೋಡಿದರು. ಕೆಲವಕ್ಕೆ ಕಪ್ಪು ನಾಲಗೆ, ಕೆಲವಕ್ಕೆ ಬಿಳಿ.

“ತಮ್ಮಾ, ಬಿಳಿ ನಾಲಗೆಯವನ್ನ ನೆಚ್ಕೋಬೇಡ,” ಎಂದರು.

ಬೇಸಗೆಯಲ್ಲಿ ಆ ಬಿಳಿ ನಾಲಗೆಯ ಮರಿಗಳೆಲ್ಲ ಹೊಟ್ಟೆ ಉಬ್ಬಿ ಬಿದ್ದವು. ಇಲ್ಲಿಂದ ಚೀನದವರೆಗಿನ ಹುಲ್ಲೆಲ್ಲ ಕೆಟ್ಟಿದೆ ಎಂದು ನಾನು ಸಾರಿದೆ. ಆದರೆ ಅದೇ ಹುಲ್ಲು ಮೇಯ್ದ ಓಪಾ ಅವರ ಮರಿಗಳು ಜಿಂಕೆಗಳಂತೆ ನೆಗೆಯುತ್ತಿದ್ದವು. ನಿರ್ದೇಶಕರು ತಪಾಸಣೆಗೆ ಬರುವ ಮುಂಜಾನೆ ಆ ಮಹನೀಯೆ ತಮ್ಮ ಮಂದೆಯನ್ನು ನನ್ನ ದೊಡ್ಡಿಯೊಳಗೆ ನುಗ್ಗಿಸಿ, “ಇದು ನಾವಿಬ್ಬರೂ ಸೇರಿ ಮಾಡಿದ ಪ್ರಯೋಗ ಸಾಹೇಬ್ರೇ,” ಎಂದುಬಿಟ್ಟರು. ನನ್ನ ಕೆಲಸ ಉಳಿಯಿತು. ಅಂಥ ಉಪಕಾರ ಮಾಡಿದವರನ್ನು ಯಾರು ತಾನೇ ಕ್ಷಮಿಸಿಯಾರು?

ಅಂದಿನಿಂದ ಹಬ್ಬದೂಟಗಳಲ್ಲಿ ಬೇಯಿಸಿದ ಕುರಿಯ ತಲೆ ಓಪಾ ಅವರ ಮುಂದೆ ಬರತೊಡಗಿತು. ನಮ್ಮ ಕುರುಬರಲ್ಲಿ ತಲೆ ಅತಿ ದೊಡ್ಡ ಮಾನ್ಯರಿಗೆ. ಅವರು ಕಿವಿ ಕೊಯ್ದು, ಹಿರಿಯರ ಮಾತು ಕೇಳಲೆಂದು ಕಿರಿಯರಿಗೆ ಕೊಡುತ್ತಾರೆ. ಆ ತಲೆ ಪ್ರತಿ ಸಲ ನನ್ನ ಮೂಗಿನ ಕೆಳಗಿನಿಂದಲೇ ಹಾದುಹೋಗುವಾಗ ಅದರ ಆವಿಗೆ ನನ್ನ ಮೀಸೆ ನರೆತಿದೆ. ಒಂದು ಹಬ್ಬದಲ್ಲಿ ಓಪಾ ಆ ಕಿವಿಯನ್ನು ನನ್ನ ಮಗಳು ಒಯ್ಸುಲುವಿನ ಬಾಯಿಗಿಟ್ಟರು. ಮರುದಿನದಿಂದ ಮಗಳು ನನ್ನ ದೊಡ್ಡಿ ಬಿಟ್ಟು ಅವರ ದೊಡ್ಡಿ ಸೇರಿದಳು.

ಒಯ್ಸುಲುವಿನ ಮೂಗು ನನ್ನದು. ಗಲ್ಲದ ಕುಳಿ ಅವಳ ಅಮ್ಮನದು. ನನ್ನಿಂದ ಒಂದು ಕಾಳು, ಹೆಂಡತಿಯಿಂದ ಒಂದು. ಮೂರನೆಯವರಿಗೆ ಅಲ್ಲಿ ಜಾಗವೆಲ್ಲಿ? ಆದರೂ ಅವಳು ಮರಿಯ ತಲೆ ವಾಲಿಸಿ ಕಿರುಬೆರಳಿನಿಂದ ಬಾಯಿ ತೆರೆಯುವಾಗ ಆ ಬೆರಳು ನನ್ನದಲ್ಲ, ನನ್ನ ಹೆಂಡತಿಯದೂ ಅಲ್ಲ. ಗ್ರಂಥ ಹೋಗಲಿ, ಹಬ್ಬದೂಟದ ತಲೆ ಹೋಗಲಿ. ಇದೊಂದನ್ನು ಕಂಡಾಗ ಮಾತ್ರ ಹೊಟ್ಟೆ ಬಿಳಿ ನಾಲಗೆಯ ಮರಿಯದ್ದರಂತೆ ಉಬ್ಬುತ್ತದೆ. ಅದೇನಿದ್ದರೂ ಬೂದು ಮಂದೆ ಇನ್ನು ನನ್ನದೇ. ಓಪಾ ಅವರೇ ನನ್ನ ಕೈ ಹಿಡಿದು, ಕಣ್ಣೀರು ತುಂಬಿ, ನಿನ್ನಷ್ಟು ಬಲ್ಲವರು ಬೇರಾರಿದ್ದಾರೆ ಎಂದು...

ಇಲ್ಲಿ ಕಂಪ್ಯೂಟರಿನ ಸದ್ದು ನಿಂತಿತು. ಈ ಲೇಖನವನ್ನು ನಾನು ಹೇಳುತ್ತಿದ್ದೇನೆ, ಬೆರಳಚ್ಚು ಒಯ್ಸುಲುವಿನದು.

“ಅಪ್ಪಾ, ಮಂದೆ ಯಾರಿಗೆ ಅಂತ ಓಪಾ ನಿನ್ನೇನೇ ಹೇಳಿದಾರೆ. ನೀವೂ ಅಲ್ಲೇ ಇದ್ರಿ. ಚಹಾ ಚೆಲ್ಕೊಂಡ್ರಿ.”

“ಬಿಸಿಯಿತ್ತು.”

“ಇನ್ನು ಆ ಗಾಳಿ ಮೂಸೋ ವಿದ್ಯೆ? ಅದನ್ನೂ ಓಪಾ ಓದ್ತಾರೆ.”

ಓದಲಿ. ಮಂದೆ ನನಗೆ ಬಂದಿಲ್ಲ, ಒಯ್ಸುಲುವಿಗೆ ಬಂದಿದೆ. ನನಗೆ ಯಾವ ಗಾಳಿಯೂ ಏನನ್ನೂ ಹೇಳಿಲ್ಲ. ಓಪಾ ಮರಿಯ ಬಾಯಿಯೊಳಗೆ ನೋಡುವಾಗ ನಾನು ಓಪಾ ಅವರ ಹುಬ್ಬು ನೋಡುತ್ತಿದ್ದೆ. ಹುಬ್ಬು ಗಂಟಿಕ್ಕಿದರೆ “ಉಳಿಯಲ್ಲ” ಎಂದು ಅವರಿಗಿಂತ ಮೊದಲು ಕೂಗುತ್ತಿದ್ದೆ. ಅವರಿಗೆ ಅದು ಗೊತ್ತಿತ್ತು. ನಾನು ಕೂಗಿ ಮುಗಿಸುವವರೆಗೂ ಕಾದು, ಆಮೇಲೆ ಮಾತಾಡುತ್ತಿದ್ದರು.

ಬೀಳ್ಕೊಡುಗೆಯ ಊಟದಲ್ಲಿ ತಮ್ಮ ಮುಂದೆ ಬಂದ ತಲೆಯನ್ನು ಓಪಾ ಒಯ್ಸುಲುವಿನತ್ತ ಸರಿಸುತ್ತಾರಂತೆ. ಕೊಯ್ದ ಕಿವಿಯನ್ನು ಅವಳು ಯಾರಿಗೆ ಕೊಡಲಿದ್ದಾಳೆಂದು ಕೇಳಿದರೆ ನಗುತ್ತಾಳೆ. ನಾನು ಬಾಯಿ ತೆರೆದು ಕೂರುತ್ತೇನೆ. ಸನೋಬರ್ ಓಪಾ ಅವರ ಕಣ್ಣು ಮಂಜಾಗದಿರಲಿ, ಕಿರುಬೆರಳು ನಡುಗದಿರಲಿ. ಪ್ರತಿ ವಸಂತದಲ್ಲೂ ಮರಿ ಹಾಕುವ ದೊಡ್ಡಿಗೆ ಅವರು ಬರುತ್ತಿರಲಿ. ಅವರ ಹುಬ್ಬು ಕಾಣದಿದ್ದರೆ ನಾನು ಏನನ್ನು ಕೂಗಲಿ?