ಹಿಯಾಮ್ ಅಳಿಸಿದ ಹೆಸರುಗಳು

ಇರ್ಬಿದ್ ಊರಿನ ಮಹಿಳಾ ನೆರವು ಸಂಘದಲ್ಲಿ ಕೆಲಸ ಮಾಡುವ ಹಿಯಾಮ್ ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ ಬರುವ ಜೀವ. ನಮ್ಮಲ್ಲಿ ಚೊಚ್ಚಲ ಮಗ ಹುಟ್ಟಿದ ದಿನವೇ ಹೆಣ್ಣಿನ ಸ್ವಂತ ಹೆಸರು ಮೂಲೆ ಸೇರುತ್ತದೆ. ಆಮೇಲೆ ಅವಳು ಉಮ್ ಇಂಥವನು, ಅಂದರೆ ಇಂಥವನ ತಾಯಿ. ಮದುವೆಯಾಗದ ಹಿಯಾಮ್ ಮಾತ್ರ ನಲವತ್ತು ದಾಟಿದರೂ ಮಿಸ್ ಹಿಯಾಮ್ ಆಗಿಯೇ ಉಳಿದಳು.

ಸಂಘದ ಅಧ್ಯಕ್ಷ ಅಬು ನಿಜಾರ್‌ಗೆ, ಅಂದರೆ ನಿಜಾರ್‌ನ ತಂದೆಗೆ, ಹೊಸದೆಂದರೆ ಪ್ರಾಣ. ಜಾಲತಾಣದಲ್ಲಿ ನಕ್ಷೆಯೊಂದನ್ನು ಹಾಕಿಸಿದ. ಹೊಲಿಗೆ ಯಂತ್ರ ಕೊಟ್ಟ ಓಣಿಯಲ್ಲೆಲ್ಲ ಒಂದು ಹಸಿರು ಚುಕ್ಕೆ, ಒತ್ತಿದರೆ ಆ ಹೆಂಗಸಿನ ಕಥೆ. ದಾನಿಗಳು ಖುಷಿಪಟ್ಟರು. ಅಮ್ಮಾನ್‌ನಿಂದ ತರಬೇತಿ ಕೊಡಲು ಬಂದ ಹುಡುಗಿ ಮಾತ್ರ, ಹೆಂಗಸರ ನಿಜವಾದ ಹೆಸರು ಎಲ್ಲೂ ಕಾಣಿಸಕೂಡದು ಎಂದು ತಾಕೀತು ಮಾಡಿ ಹೋದಳು. ಹಿಯಾಮ್ ಕಣ್ಣುರಿಯುವವರೆಗೆ ಕೂತು ಒಂದೊಂದೇ ಹೆಸರನ್ನು ಅಳಿಸಿದಳು.

ಅವಳ ಜೀವವೆಲ್ಲ ಇದ್ದದ್ದು ಫದ್ವಾಳ ಹೆಸರಿನ ಮೇಲೆ. ಫದ್ವಾ ಗಂಡನ ಹೊಡೆತ ತಾಳಲಾರದೆ ಮಗನನ್ನು ಕಟ್ಟಿಕೊಂಡು ಜರ್ಕಾ ಊರಿನಿಂದ ಓಡಿಬಂದವಳು. ಗಂಡನ ಮನೆಯವರು ಹುಡುಗನನ್ನು ಕಿತ್ತುಕೊಳ್ಳಲು ಊರೂರು ಹುಡುಕುತ್ತಿದ್ದರು. ಆ ಹೆಸರನ್ನು ಹಿಯಾಮ್ ಎರಡೆರಡು ಸಲ ನೋಡಿ ಅಳಿಸಿದಳು. ಕಥೆಗೆ ಏನಾದರೊಂದು ಹೆಸರು ಬೇಕಲ್ಲ? ಆ ಜಾಗದಲ್ಲಿ ಉಮ್ ದಿರ್ಗಾಮ್ ಎಂದು ಬರೆದಳು. ಉಳಿದವರಿಗೂ ಹಾಗೆಯೇ, ಅವರವರ ಮಗನ ಹೆಸರಿನಲ್ಲಿ. ಅಪರೂಪಕ್ಕೆ ಮನಸ್ಸಿಗೆ ನೆಮ್ಮದಿಯೆನಿಸಿತು.

ಒಂದು ಬೆಳಿಗ್ಗೆ ಕಚೇರಿಯ ಫೋನ್ ಹೊಡೆದುಕೊಂಡಿತು. ಗಂಡಸಿನ ದನಿ, ಬೆಣ್ಣೆಯಷ್ಟು ಮೃದು.

"ದೇವರು ನಿಮಗೆ ಒಳ್ಳೇದು ಮಾಡ್ಲಿ ತಂಗಿ. ನಿಮ್ಮ ನಕ್ಷೆ ನೋಡ್ದೆ. ಉಮ್ ದಿರ್ಗಾಮ್‌ಗೆ ಏನೋ ಸ್ವಲ್ಪ ಕೊಡೋಣ ಅಂತ. ಆ ಓಣೀಲಿ ಮನೆ ಯಾವ್ದು?"

"ನಿಮಗೆ ಅವರ ಪರಿಚಯ ಇದ್ಯಾ ಅಣ್ಣ?"

"ಅಯ್ಯೋ, ಇಲ್ದೆ ಏನು! ದಿರ್ಗಾಮ್ ನಮ್ಮ ಅಣ್ಣನ ಮಗ ಅಲ್ವಾ."

ಹಿಯಾಮ್ ಫೋನ್ ಕುಕ್ಕಿದಳು. ಇವನು ಫದ್ವಾಳ ಮೈದುನ! ಫದ್ವಾಳನ್ನು ಫದ್ವಾ ಎಂದು ಕರೆದವರು ಯಾರಾದರೂ ಇದ್ದರೇ? ಅಂಗಡಿಯವನು, ನೆರೆಯವರು, ಗಂಡ ಕೂಡ ಕರೆಯುತ್ತಿದ್ದದ್ದು ಉಮ್ ದಿರ್ಗಾಮ್ ಎಂದೇ. ಯಾರಿಗೂ ಗೊತ್ತಿಲ್ಲದ ಹೆಸರನ್ನು ಮರೆಮಾಡಿ, ಊರಿಗೆಲ್ಲ ಗೊತ್ತಿದ್ದುದನ್ನು ತಾನೇ ಕೈಯಾರೆ ಬರೆದಿದ್ದಳು. ಅವಳು ತನ್ನನ್ನು ತಾನೇ ಶಪಿಸಿಕೊಂಡಳು. ಅಬು ನಿಜಾರ್‌ನ ಕೋಣೆಗೆ ನುಗ್ಗಿದಳು.

"ನಕ್ಷೆ ತೆಗೀರಿ. ಈಗ್ಲೇ!"

"ಏನಮ್ಮಾ, ತಲೆ ಗಿಲೆ ಕೆಟ್ಟಿದ್ಯಾ? ಗುರುವಾರ ದಾನಿಗಳು ಬರ್ತಿದ್ದಾರೆ. ಹೆಸರೆಲ್ಲ ತೆಗ್ದಿದೀವಲ್ಲ!"

"ನಿಮ್ಮ ಮನೆಯವರನ್ನ ದಿನಸಿ ಅಂಗಡೀಲಿ ಏನಂತ ಕರೀತಾರೆ?"

"ಉಮ್ ನಿಜಾರ್ ಅಂತ. ಮತ್ತಿನ್ನೇನಂತ ಕರೀತಾರೆ?"

"ಅವರ ಹೆಸರು ಆ ಅಂಗಡಿಯವನಿಗೆ ಗೊತ್ತಾ?"

ಅಬು ನಿಜಾರ್ ಕಂಪ್ಯೂಟರ್ ಕಡೆ ತಿರುಗಿ ನಕ್ಷೆಯನ್ನು ಜಾಲತಾಣದಿಂದ ತೆಗೆದ. ಆದರೆ ನೋಡಬೇಕಾದವನು ಓಣಿಯನ್ನು ಆಗಲೇ ನೋಡಿಯಾಗಿತ್ತು.

ಟ್ಯಾಕ್ಸಿ ಹಿಡಿದು ಫದ್ವಾಳ ಮನೆಗೆ ಹೊರಟ ಹಿಯಾಮ್ ದಾರಿಯುದ್ದಕ್ಕೂ ಅವಳಿಗೆ ಫೋನ್ ಮಾಡುತ್ತಲೇ ಹೋದಳು. ಫೋನ್ ಬಂದ್ ಆಗಿತ್ತು. "ಸ್ವಲ್ಪ ಬೇಗ ಓಡ್ಸಪ್ಪ" ಎಂದು ಟ್ಯಾಕ್ಸಿಯವನ ಪ್ರಾಣ ತಿಂದಳು. ಅವನು "ಹಾರೋಕೆ ರೆಕ್ಕೆ ಇಲ್ಲ ಅಕ್ಕಾ" ಎಂದು ಗೊಣಗಿದ. ಇಳಿದವಳೇ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು.

ಬಾಗಿಲು ತೆರೆದೇ ಇತ್ತು. ಒಳಗೆ ಫದ್ವಾ ಚೀಲಕ್ಕೆ ಬಟ್ಟೆ ತುರುಕುತ್ತಿದ್ದಳು. ಹೊಲಿಗೆ ಯಂತ್ರವನ್ನು ಗೋಡೆಯ ಕಡೆ ಸರಿಸಿಟ್ಟಿದ್ದಳು. ಜರ್ಕಾದಲ್ಲಿದ್ದ ಅವಳ ತಂಗಿ ನಕ್ಷೆಯ ಚಿತ್ರ ಕಳಿಸಿದ್ದಳಂತೆ.

"ತಪ್ಪಾಯ್ತು ಕಣೇ," ಎಂದಳು ಹಿಯಾಮ್. "ನಿನಗೆ ಒಳ್ಳೇದಾಗ್ಲಿ ಅಂತಲೇ ಮಾಡಿದ್ದು."

"ಗೊತ್ತು ಅಕ್ಕ."

"ಎಲ್ಲಿಗೆ ಹೋಗ್ತೀಯ? ಹೇಳು, ಆ ಊರಿನ ಸಂಘದವರಿಗೆ ನಾನೇ ಹೇಳಿ..."

ಫದ್ವಾ ಅವಳ ಕೈಯಲ್ಲಿದ್ದ ಫೋನನ್ನೇ ನೋಡಿದಳು. "ಬೇಡ ಅಕ್ಕ. ನಿಮಗೆ ಗೊತ್ತಿಲ್ದೆ ಇರೋದೇ ವಾಸಿ."

ಹಿಯಾಮ್‌ಗೆ ಕಪಾಳಕ್ಕೆ ಹೊಡೆದಂತಾಯಿತು. ಹೊಡೆಸಿಕೊಳ್ಳಬೇಕಾದವಳು ತಾನೇ ಎಂದೂ ಅನ್ನಿಸಿತು. ಫದ್ವಾಳ ಜೊತೆ ಚೀಲವನ್ನು ಕೆಳಗಿಳಿಸಿ, ಅವಳಿಗಾಗಿ ಕಾಯುತ್ತಿದ್ದ ಟ್ಯಾಕ್ಸಿಯಲ್ಲಿಟ್ಟಳು. ಹಿಂದಿನ ಸೀಟಿನಲ್ಲಿ ಆಗಲೇ ಕೂತಿದ್ದ ಹುಡುಗ ಶೂ ಲೇಸು ಕಟ್ಟಿಕೊಳ್ಳುತ್ತಿದ್ದ. ಅವನ ತಲೆ ಸವರಿದಳು.

"ಅಮ್ಮನ್ನ ಚೆನ್ನಾಗಿ ನೋಡ್ಕೋ ದಿರ್ಗಾಮ್."

ಹುಡುಗ ಅಮ್ಮನ ಮುಖ ನೋಡಿದ. ಆಮೇಲೆ ಹಿಯಾಮ್ ಕಡೆ ತಿರುಗಿ, ಕಲಿಸಿಕೊಟ್ಟ ಪಾಠ ಒಪ್ಪಿಸುವಂತೆ ಹೇಳಿದ:

"ನನ್ನ ಹೆಸರು ಸಾಮಿ."