ಬರೂದಿಲ್ಲ ಎಂದ ಕೈ

ಹಳಿಯಾಳದ ನನ್ನ ಹೊಲಿಗೆ ಅಂಗಡಿಯಲ್ಲಿ ಅಟ್ಟದಿಂದ ಬಟ್ಟೆಯ ಗಂಟು ಇಳಿಸುತ್ತಿದ್ದೆ. ಏಣಿ ಜಾರಿತು. ನೋವೇ ಆಗಲಿಲ್ಲ. ಕೈಯೂರಿ ಏಳಲು ಹೋದೆ. ಕೈ ಬರಲಿಲ್ಲ. ಕಾಲೂ ಬರಲಿಲ್ಲ.

ಹುಬ್ಬಳ್ಳಿಯಲ್ಲಿ ಕುತ್ತಿಗೆಯ ಆಪರೇಶನ್ ಆಯಿತು. ಡಿಸ್ಚಾರ್ಜ್ ದಿನ ಡಾಕ್ಟರು ನನ್ನ ಮಂಚದ ಪಕ್ಕದಲ್ಲೇ ನಿಂತು ನನ್ನ ಗಂಡನಿಗೆ ಹೇಳಿದರು: "ಇವರ ಕೈ ಇನ್ನ ಬರೂದಿಲ್ರಿ. ಮನಿಗೆ ಕರ್ಕೊಂಡ ಹೋಗಿ ಚೊಲೋತ್ನಂಗ ನೋಡ್ಕೊಳ್ರಿ."

ನಾನು ಎಚ್ಚರವಾಗಿಯೇ ಇದ್ದೆ.

ಇಪ್ಪತ್ತು ವರ್ಷ ಕುಪ್ಪಸ ಹೊಲಿದ ಕೈಯ ವಿಚಾರ ನನ್ನೆದುರಿಗೇ, ನನ್ನನ್ನು ಒಂದು ಮಾತೂ ಕೇಳದೆ ಮುಗಿದುಹೋಯಿತು. ಮನೆಯಲ್ಲಿ ನಿಧಾನವಾಗಿ ಕಾಲಿಗೆ ಬಲ ಬಂತು. ಬೆರಳುಗಳು ಮಾತ್ರ ಒಳಗೆ ಮಡಚಿಕೊಂಡು ಬಿಗಿದವು. ದಿನಾ ಅವನ್ನು ಬಿಡಿಸಿ ತಿಕ್ಕಬೇಕೆಂದು ಯಾರೂ ಹೇಳಿರಲಿಲ್ಲ. ಒಂದು ವರ್ಷ ಹಾಗೇ ಹೋಯಿತು.

ದಾಂಡೇಲಿಯ ಮಿಲ್ಲಿನಲ್ಲಿರುವ ನನ್ನ ತಮ್ಮ ಹಟ ಹಿಡಿದು ಬೆಂಗಳೂರಿನ ಒಂದು ಸೆಂಟರಿಗೆ ಕರೆದೊಯ್ದ. ಅಲ್ಲಿಯ ಫಿಸಿಯೋಥೆರಪಿಸ್ಟ್ ನನ್ನ ಹಳೆಯ ಎಂಆರ್‌ಐ ನೋಡಿ ನೇರವಾಗಿ ನನಗೇ ಹೇಳಿದಳು: "ಅಕ್ಕಾ, ನಿಮ್ಮ ನರ ಪೂರ್ತಿ ಕಡಿದಿಲ್ಲ. ಮೊದಲಿಂದಲೂ."

ಮೊದಲಿಂದಲೂ!

ಕುತ್ತಿಗೆಯ ಹಿಂದೆ ಪ್ಯಾಚ್ ಅಂಟಿಸಿ ಸಣ್ಣಗೆ ಕರೆಂಟ್ ಬಿಡುತ್ತಿದ್ದರು. ಇರುವೆ ಹರಿದಂತಾಗುತ್ತಿತ್ತು. ಕೈ ಎತ್ತುವುದು ಕರೆಂಟಲ್ಲ. ಮಿದುಳಿನ ಕ್ಷೀಣ ಸಂದೇಶಕ್ಕೆ ಅದು ಒತ್ತಾಸೆಯಷ್ಟೇ. ಹಿಡಿಯಬೇಕಾದವಳು ನಾನೇ. ದಿನಕ್ಕೆರಡು ತಾಸು ಮರದ ಒಂದು ತುಂಡಿನ ಜೊತೆ ಹೆಣಗಿದೆ. ಏಳನೇ ವಾರ ಬಲಗೈಯ ಹೆಬ್ಬೆರಳು ತೋರುಬೆರಳಿಗೆ ತಾಗಿತು. ತುಂಡು ಮೇಜು ಬಿಟ್ಟು ಎದ್ದಿತು. ಅತ್ತುಬಿಟ್ಟೆ. ಆಮೇಲೆ ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ಮತ್ತೆ ಹುಬ್ಬಳ್ಳಿಯ ಡಾಕ್ಟರ ಬಳಿ ಹೋದೆ. "ಸ್ಕ್ಯಾನಿನ್ಯಾಗ ಇತ್ತಲ್ರಿ. ನನಗ ಯಾಕ ಹೇಳಲಿಲ್ಲ?"

ಅವರು ನನ್ನ ಗಂಡನ ಕಡೆ ತಿರುಗಿದರು. "ನೋಡ್ರಿ, ಇಂಥಾ ಪೇಶಂಟ್‌ಗೆ ಸಿಟ್ಟ ಬರೂದು ಸಹಜ."

ಎಂದೂ ಎದುರಾಡದ ಗಂಡ ಕುರ್ಚಿಯಿಂದ ಎದ್ದ. "ಅಕೀಗೆ ಹೇಳ್ರಿ, ಸರ್. ಕೇಳಿದಾಕಿ ಅಕಿ."

ಡಾಕ್ಟರು ನನ್ನತ್ತ ನೋಡಿದರು. "ಹೇಳಬೇಕಾಗಿತ್ತು," ಎಂದರು. ಅಷ್ಟೇ.

ಈ ಕರೆಂಟಿನ ಚಿಕಿತ್ಸೆ ಎಲ್ಲರಿಗೂ ಫಲಿಸುತ್ತದೆಂದು ನಾನು ಹೇಳಲಾರೆ. ನನಗೇ ಬೆರಳಲ್ಲಿ ಸೂಜಿ ಇನ್ನೂ ನಿಲ್ಲುವುದಿಲ್ಲ. ಎಡಗೈ ಬಂದೇ ಇಲ್ಲ. ಕಳೆದುಹೋದ ಆ ವರ್ಷವನ್ನು ನಾನು ಕ್ಷಮಿಸಿಲ್ಲ.

ನಿನ್ನೆ ಊಟಕ್ಕೆ ಕೂತಾಗ ಅತ್ತೆ ಎಂದಿನಂತೆ ತುತ್ತು ಮಾಡಿ ನನ್ನ ಬಾಯಿಗೆ ತಂದರು. "ಬ್ಯಾಡ್ರಿ ಅತ್ತಿ," ಎಂದೆ. ನಾನೇ ರೊಟ್ಟಿ ಮುರಿದೆ. ಅರ್ಧ ರೊಟ್ಟಿ ಮುಗಿಯುವಷ್ಟರಲ್ಲಿ ಪಲ್ಯ ಆರಿಹೋಗಿತ್ತು. ಉಳಿದವರ ಊಟ ಎಂದೋ ಮುಗಿದಿತ್ತು. ಯಾರೂ ಏಳಲಿಲ್ಲ.