ಗೂಟಕ್ಕೆ ಉಣಿಸಿದ ಚರಗ

ಆಗ ಎಕ್ಕಂಬಿ ಕಡೆಯ ನಮ್ಮ ಊರಿನ ಯಾವ ಮನೆಗೂ ಕರೆಂಟು ಬಂದಿರಲಿಲ್ಲ. ನೆಲದೊಳಗೆ ಕರೆಂಟು ಹರಿಯುತ್ತದೆ, ಅದನ್ನು ಅಳೆದರೆ ಭೂಕಂಪ ಮೊದಲೇ ತಿಳಿಯುತ್ತದೆ ಎಂದು ಹೇಳಿಕೊಂಡು ಒಬ್ಬ ಸಾಹೇಬ ಬಂದ. ಹಿಂದಿನ ಚಳಿಗಾಲದಲ್ಲಿ ನೆಲ ನಡುಗಿ ನಮ್ಮ ಗಡಿಗೆಗಳು ಉರುಳಿದ್ದವು. ಆ ಹೆದರಿಕೆಗೇ ಅಪ್ಪ ಹೊಲದಲ್ಲಿ ಜಾಗ ಕೊಟ್ಟ.

ಸಾಹೇಬ ಎರಡು ಸೀಸದ ಗೂಟ ಹುಗಿದು, ತಂತಿ ಎಳೆದು, ಡೇರೆಯಲ್ಲಿ ಪೆಟ್ಟಿಗೆ ಇಟ್ಟ. ಅದರಲ್ಲಿ ಗಡಿಯಾರದಂಥ ಒಂದು ಮುಳ್ಳು.

"ಭೂಮಿ ನಡುಗೂ ಮುಂಚೆ ಈ ಮುಳ್ಳು ಹಾರ್ತದ. ಗೂಟದ ಹತ್ರ ಯಾರೂ ಹೋಗಬ್ಯಾಡ್ರಿ," ಎಂದ.

ಅಜ್ಜಿ ನಕ್ಕಳು. "ನಮ್ಮ ಮನೀಗೆ ಇಲ್ಲದ ಕರೆಂಟು ಎರೆಹುಳಕ್ಕ ಕೊಟ್ಟಾರೇನ್ರಿ ಸಾಹೇಬ್ರ?"

ಮನೆಯಲ್ಲಿ ಅಕ್ಕ ಹೆತ್ತು ಹನ್ನೊಂದು ದಿನ. ಗಂಡು ಕೂಸು. ತಿಂಗಳು ತುಂಬದೆ ಹುಟ್ಟಿತ್ತು, ಅಂಗೈಯಷ್ಟು. ಕೋಣೆಯಲ್ಲಿ ಸದಾ ಕೆಂಡ, ಬೆಳ್ಳುಳ್ಳಿ ಸಿಪ್ಪೆಯ ಹೊಗೆ. ಗಾಳಿ ಸೋಕಿದರೆ ಕೂಸು ಉಳಿಯುವುದಿಲ್ಲ ಎಂದು ಅಜ್ಜಿ ಕಿಟಕಿಗೆ ಗೋಣಿ ಹೊಡೆದಿದ್ದಳು.

ಶೀಗಿ ಹುಣ್ಣಿಮೆ ಬಂತು. ಭೂಮಿತಾಯಿ ಬಸುರಿ ಎಂದು ಆ ದಿನ ನಾವು ಅವಳಿಗೆ ಉಣಿಸುತ್ತೇವೆ. ಕಡುಬು, ಪಲ್ಯ, ಅನ್ನವನ್ನು ಮಜ್ಜಿಗೆಯಲ್ಲಿ ಕಲಸಿ ಹೊಲಕ್ಕೆಲ್ಲ ಎರಚುವುದೇ ಚರಗ. ಎರಚುತ್ತ ಅಜ್ಜಿ ಗೊಣಗಿದಳು: "ಬಸುರಿ ಹೊಟ್ಟೀಗೆ ಗೂಟ ಬಡದಾನ, ಪಾಪಿ."

ನನಗೆ ಒಂಬತ್ತು ವರ್ಷ. ನೋವಿದ್ದಲ್ಲಿ ಎರಡು ತುತ್ತು ಹೆಚ್ಚು ಬೀಳಲಿ ಎಂದು, ಬುಟ್ಟಿಯ ತಳದ ಉಪ್ಪು ಮಜ್ಜಿಗೆ ಅನ್ನವನ್ನೆಲ್ಲ ಗೂಟದ ಬುಡಕ್ಕೆ ಸುರಿದೆ. ಯಾರೂ ನೋಡಲಿಲ್ಲ.

ಮನೆಗೆ ಬಂದು ಉಣ್ಣಲು ಕೂತಿದ್ದೆವು. ಸಾಹೇಬ ಬರಿಗಾಲಲ್ಲಿ ಓಡಿ ಬಂದ.

"ಮುಳ್ಳು ಹಾರೇದ! ಮನ್ಯಾಗ ಯಾರೂ ಇರಬ್ಯಾಡ್ರಿ, ಹೊರಗ ಬರ್ರಿ!"

ಅಜ್ಜಿ ಕೋಣೆ ಬಾಗಿಲಿಗೆ ಅಡ್ಡ ನಿಂತಳು. "ಬಾಣಂತೀನ ಗಾಳಿಗೆ ತರೂದಿಲ್ಲ."

"ಗ್ವಾಡಿ ಬಿದ್ದು ಸತ್ರ ನೀ ಎಬ್ಬಸ್ತೀಯೇನ ಅವ್ವಾ?" ಎಂದು ಅಪ್ಪ ಅವಳನ್ನು ಸರಿಸಿ, ಅಕ್ಕನನ್ನು ಕೂಸಿನ ಸಮೇತ ಕಣಕ್ಕೆ ಎತ್ತಿ ತಂದ.

ಗೂಟದ ಹತ್ತಿರ ಹೋಗಬೇಡಿ ಎಂದದ್ದು ನನಗೆ ಆಗ ನೆನಪಾಯಿತು. ಹೇಳಿದರೆ ಏಟು ಬೀಳುತ್ತದೆ. ಬಾಯಿ ಬಿಡಲಿಲ್ಲ.

ಎರಡು ದಿನ ಕಣದಲ್ಲೇ ಇದ್ದೆವು. ಜಿನುಗು ಮಳೆ ಹಿಡಿಯಿತು. ಭೂಮಿ ಅಲುಗಲಿಲ್ಲ. ಮೂರನೆಯ ಬೆಳಿಗ್ಗೆ ಕೂಸು ಅಳಲಿಲ್ಲ. ಅಕ್ಕ ಅದರ ಬಾಯಿಗೆ ಮೊಲೆ ಇಡುತ್ತಲೇ ಇದ್ದಳು, ತಣ್ಣಗಾಗಿದೆ ಎಂದರೂ ಕೇಳಲಿಲ್ಲ.

ಮಣ್ಣು ಮಾಡಿ ಬಂದಾಗ ಸಾಹೇಬ ಅಂಗಳದಲ್ಲಿ ನಿಂತಿದ್ದ. ಅಂಗೈಯಲ್ಲಿ ಇರುವೆ ಮುತ್ತಿದ ಅನ್ನ.

"ಗೂಟದ ಬುಡಕ್ಕ ಇದನ್ನ ಯಾರ ಹಾಕಿದ್ರಿ? ಇದರ ಉಪ್ಪುನೀರು ಇಳಿದು ಮುಳ್ಳು ಹಾರೇದ, ಭೂಮಿಯಿಂದಲ್ಲ."

ಅಜ್ಜಿ ನನ್ನ ಮುಖ ನೋಡಿದಳು. ಅವಳಿಗೆ ತಿಳಿಯಿತು.

"ನಾನ ಹಾಕೇನ್ರಿ," ಅಂದಳು.

ಅಂದಿನಿಂದ ಅಕ್ಕ ಅಜ್ಜಿಯ ಕೈಯಿಂದ ನೀರು ಕುಡಿಯಲಿಲ್ಲ. ಅಪ್ಪ ಅವಳ ಜೊತೆ ಮಾತು ಬಿಟ್ಟ. ಆರು ವರ್ಷ ಅಜ್ಜಿ ಹಾಗೇ ಬದುಕಿ ಸತ್ತಳು. ನನ್ನ ಹತ್ತಿರ ಆ ಮಾತು ಎತ್ತಲೇ ಇಲ್ಲ.

ಆ ಕೂಸು ಇದ್ದಿದ್ದರೆ ಈಗ ತಲೆ ನರೆತಿರುತ್ತಿತ್ತು. ಹೋದ ವರ್ಷ ಅಕ್ಕನೂ ಹೋದಳು. ತಪ್ಪಾಯಿತು ಎನ್ನಲು ಎದುರಿಗೆ ಯಾರೂ ಉಳಿದಿಲ್ಲ. ಶೀಗಿ ಹುಣ್ಣಿಮೆಗೆ ಈಗಲೂ ಚರಗ ಕಲಸಿಕೊಡುತ್ತೇನೆ. ಎರಚುವುದು ಸೊಸೆ.